ಅರಮನೆಗೆಂದು ಕಡಿದ ತೇಗ

ನಮ್ಮ ಹಂಪಾಪುರದ ಹೊಸ ಮನೆಗೆ ಒಂದೂವರೆ ವರ್ಷ ಬಾಗಿಲೇ ಇರಲಿಲ್ಲ. ಗೋಡೆ ಎದ್ದಿತ್ತು, ಹೆಂಚು ಹೊದಿಸಿಯಾಗಿತ್ತು, ಹಾಲುಕ್ಕಿಸಿದ್ದೂ ಆಗಿತ್ತು. ಬಾಗಿಲು ಇರಬೇಕಾದ ಕಡೆ ಮಾತ್ರ ಬಿದಿರಿನ ತಟ್ಟಿಯೊಂದು ಒರಗಿ ನಿಂತಿತ್ತು. ಬೀದಿನಾಯಿ ಅದನ್ನು ಮೂತಿಯಿಂದ ತಳ್ಳಿ ಒಳಗೆ ಬರುತ್ತಿತ್ತು. ನೆರೆಮನೆಯವರು ತಟ್ಟಿಯ ಮುಂದೆ ನಿಂತು, "ಬಾಗ್ಲು ತೆಗೀರವ್ವೋ" ಎಂದು ಕೂಗಿ ನಗುತ್ತಿದ್ದರು. ಅಮ್ಮನಿಗೆ ನಾಚಿಕೆ, ಅಪ್ಪನಿಗೆ ಸಿಟ್ಟು. ಆ ಸಿಟ್ಟೆಲ್ಲ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ ತಾತನ ಮೇಲೆ.

ಬಾಗಿಲಿಗೆ ಮರ ಇರಲಿಲ್ಲವೆಂದಲ್ಲ. ಹಿತ್ತಲಲ್ಲಿ ಅದಕ್ಕೆಂದೇ ಬಿಟ್ಟಿದ್ದ ಹಲಸಿನ ಮರ ದಪ್ಪಗೆ ಬೆಳೆದು ನಿಂತಿತ್ತು. ಆದರೆ ನಮ್ಮವರಲ್ಲಿ ಒಂದು ಪದ್ಧತಿ. ನಮ್ಮ ಹಿರೀಕರು ಕಾಕನಕೋಟೆಯ ಕಾಡಿನಲ್ಲಿ ಮರ ಕಡಿಯುತ್ತಿದ್ದವರು. ಮರಕ್ಕೆ ಕೊಡಲಿ ಹಾಕುವ ಮೊದಲು ಗುಂಪಿನ ಹಿರಿಯ ಅದರ ಬುಡಕ್ಕೆ ಒಂದು ಬೊಗಸೆ ನೀರು ಹೊಯ್ದು, ತೊಗಟೆಯ ಮೇಲೆ ಅಂಗೈ ಇಟ್ಟು, ಅದು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಹೇಳಬೇಕು. ನೇಗಿಲಾಗುತ್ತೀಯ, ಗಾಡಿಯ ಮೂಕಿಯಾಗುತ್ತೀಯ, ತೊಟ್ಟಿಲಾಗುತ್ತೀಯ, ಹೀಗೆ. ಎಲ್ಲಿಗೆಂದು ಹೇಳದೆ ಯಾರನ್ನೂ ಅವರ ಜಾಗದಿಂದ ಎಬ್ಬಿಸಿಕೊಂಡು ಹೋಗಬಾರದು ಎಂಬುದು ಅವರ ನ್ಯಾಯ. ಇದನ್ನು ಮರಕ್ಕೆ ಮಾತು ಕೊಡುವುದು ಎನ್ನುತ್ತಿದ್ದರು. ಕಾಡು ಬಿಟ್ಟು ಹೊಲ ಹಿಡಿದ ಮೇಲೂ ಆ ಪದ್ಧತಿ ಉಳಿದುಕೊಂಡಿತ್ತು. ಮನೆಯ ಹಿರಿಯ ಮಾತು ಕೊಡದ ಮರಕ್ಕೆ ನಮ್ಮವರಲ್ಲಿ ಯಾವ ಗರಗಸದವನೂ ಕೈ ಹಚ್ಚುತ್ತಿರಲಿಲ್ಲ. ಪೇಟೆಯಿಂದ ಕೊಯ್ದ ಹಲಗೆ ತರೋಣವೆಂದರೆ, "ಅದ್ಕೆ ಯಾರು ಏನ್ ಯೇಳಿದ್ರೋ, ನಮ್ಗೇನ್ ಗೊತ್ತು" ಎಂದು ತಾತ ತಲೆಯಾಡಿಸಿಬಿಡುತ್ತಿದ್ದ.

ಮನೆಯಲ್ಲಿ ಉಳಿದ ಹಿರಿಯನೆಂದರೆ ತಾತನೊಬ್ಬನೇ. ಅವನೋ ಹಲಸಿನ ಮರಕ್ಕೆ ಮಾತು ಕೊಡಲೊಲ್ಲ. ಯಾಕೆಂದು ಕೇಳಿದರೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದ.

ಐವತ್ತರ ದಶಕದ ನಡುವಿನ ಮಾತು ಇದು. ನಾನಾಗ ಹುಣಸೂರಿನ ಒಂದು ಪ್ರೈಮರಿ ಶಾಲೆಗೆ ಹೊಸದಾಗಿ ಸೇರಿದ ಮೇಷ್ಟ್ರಮ್ಮ. ಇಪ್ಪತ್ತು ವರ್ಷ, ಓದು ಒಂದು ಹಿಡಿ, ಜಂಬ ಒಂದು ಮೂಟೆ. ಒಂದು ಶನಿವಾರ ಊರಿಗೆ ಬಂದವಳು ತಟ್ಟಿ ಸರಿಸಿ ಒಳಗೆ ಹೋಗುವಾಗ ಹೊಸ ಸೀರೆ ಬಿದಿರಿಗೆ ಸಿಕ್ಕಿ ಪರ್ರೆಂದು ಹರಿಯಿತು. ಅದೇ ಕೋಪದಲ್ಲಿ ತಾತನ ಮುಂದೆ ಕೂತು, "ಒಂದು ಮಾತು ಹೇಳೋದಕ್ಕೆ ನಿನಗೇನು ತಾತ ಅಷ್ಟು ಕಷ್ಟ?" ಎಂದು ದಬಾಯಿಸಿದೆ. ಹರಿದ ಸೀರೆ ನೋಡಿ ಮರುಕ ಬಂತೋ ಏನೋ, ಅಪ್ಪನಿಗೆ ಹೇಳದ್ದನ್ನು ನನಗೆ ಹೇಳಿದ.

"ನಾ ಕೊಟ್ಟ ಮೊದುಲ್ನೇ ಮಾತೇ ಸುಳ್ಳಾಗೋಯ್ತು ಕಣವ್ವ. ಇನ್ನೊಂದ ಯಾವ್ ಬಾಯಲ್ಲಿ ಯೇಳ್ಲಿ."

ತಾತ ಹುಡುಗನಾಗಿದ್ದಾಗ ಮೈಸೂರಿನ ಹಳೆಯ ಅರಮನೆ, ಮರದ್ದು, ಮದುವೆಯೊಂದರ ಸಂಭ್ರಮದ ನಡುವೆ ಬೆಂಕಿ ಬಿದ್ದು ಸುಟ್ಟುಹೋಗಿತ್ತು. ಅದೇ ಜಾಗದಲ್ಲಿ ಹೊಸ ಅರಮನೆ ಏಳುತ್ತಿದ್ದ ಕಾಲ. ಕಾಕನಕೋಟೆಯಲ್ಲಿ ಒಂದು ತೇಗದ ಮರ ಬೀಳಿಸಬೇಕಾಗಿತ್ತು. ಮಾತು ಕೊಡಬೇಕಾದ ಅವನಪ್ಪ ಜ್ವರ ಬಂದು ಮಲಗಿದ್ದರಿಂದ, ಇಪ್ಪತ್ತರ ಆಸುಪಾಸಿನ ತಾತ ಮೊದಲ ಸಲ ಮರದ ಮುಂದೆ ನಿಂತ. ಅದು ಎಲ್ಲ ತೇಗದಂತಲ್ಲ. ಹಿಂದೆಂದೋ ಕಾಡಾನೆ ಹಿಡಿಯುವ ಖೆಡ್ಡಾದಲ್ಲಿ ಅದಕ್ಕೆ ಆನೆ ಕಟ್ಟಿದ್ದರಂತೆ. ಬಿಚ್ಚದೆ ಬಿಟ್ಟ ಸರಪಳಿಯನ್ನು ಮರ ತನ್ನ ಮೈಯೊಳಕ್ಕೆ ನುಂಗಿಕೊಂಡು ಬೆಳೆದಿತ್ತು. ಎದೆಯೆತ್ತರದಲ್ಲಿ ಸುತ್ತಲೂ ಪಟ್ಟಿ ಕಟ್ಟಿದಂತೆ ಒಂದು ಉಬ್ಬು. ತಾತ ಗುತ್ತಿಗೆಯವರ ಮೇಸ್ತ್ರಿಯನ್ನು, "ಇದು ಎಲ್ಲಿಗೋಯ್ತದೆ ಬುದ್ಧಿ?" ಎಂದು ಕೇಳಿದ. "ಅರಮನೆಗೆ ಕಣೋ. ಬೇಗ್ ಬೇಗ ಹಾಕು" ಎಂದ ಅವನು. ತಾತ ನೀರು ಹೊಯ್ದು, ಆ ಉಬ್ಬಿನ ಮೇಲೆ ಕೈಯಿಟ್ಟು, ನಿನ್ನನ್ನು ದೊರೆಯ ಮನೆಗೆ ಕಳಿಸುತ್ತಿದ್ದೇನೆ ಎಂದು ಹೇಳಿದ. ಕೊಯ್ಯುವಾಗ ಒಳಗಿನ ಕಬ್ಬಿಣ ತಗುಲಿ ಗರಗಸದ ಎರಡು ಹಲ್ಲು ಮುರಿದವಂತೆ. ಕೊಯ್ದ ಮೈ ನೋಡಿದರೆ, ಮರದ ಗೆರೆಗಳೆಲ್ಲ ಆ ಜಾಗದಲ್ಲಿ ಕೆರೆಯ ನೀರಿನ ಅಲೆಯ ಹಾಗೆ ಸುತ್ತು ಸುತ್ತಾಗಿದ್ದವು.

ಆಮೇಲೆ ಕೆಲವು ವರ್ಷಕ್ಕೆ ತಾತ ಮರದ ಗಾಡಿ ಹೊಡೆದುಕೊಂಡು ಹುಣಸೂರಿನ ಕಟ್ಟಿಗೆ ಡಿಪೋಗೆ ಹೋಗಿದ್ದಾಗ, ಅಲ್ಲಿಗೆ ಬಂದಿದ್ದ ಪೇಟೆಯವನೊಬ್ಬನ ಹತ್ತಿರ ಹೆಮ್ಮೆಯಿಂದ ಈ ಕಥೆ ಹೇಳಿಕೊಂಡ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಅರಮನೆಗೆ ಬೇಕಾದ ತೇಗ ಬರ್ಮಾದಿಂದ ಹಡಗಿನಲ್ಲಿ ಬಂತು, ನಿಮ್ಮ ಕಾಡಿನದು ರೈಲು ಕಂಬಿಯ ಅಡಿಗೆ ಹೋಯಿತು ಎಂದನಂತೆ. ಆವತ್ತು ಕಾಡಿಗೆ ಹಿಂತಿರುಗಿದ ತಾತ ಕೊಡಲಿ ಕೆಳಗಿಟ್ಟ. ಹಂಪಾಪುರಕ್ಕೆ ಬಂದು ಹೊಲ ಹಿಡಿದ.

"ಯಾವ್ದೋ ರೈಲಡಿ ಬಿದ್ದು ಕೊಳೀತಾ ಅದೆ. ಅರಮನೆ ಅಂತ ಯೇಳಿ ಕರ್ಕೊಂಡೋದೋನು ನಾನು" ಎಂದು ಹೇಳಿ ಅವನು ಕಣ್ಣೊರೆಸಿಕೊಂಡ.

ನನಗೆ ನಗು ಬಂದಿತ್ತು. ಕಣ್ಣೊರೆಸಿಕೊಂಡದ್ದು ನೋಡಿ ನುಂಗಿಕೊಂಡೆ. ಐವತ್ತು ವರ್ಷದ ಹಿಂದೆ ಒಂದು ಮರಕ್ಕೆ ಸುಳ್ಳು ಹೇಳಿದೆನೆಂದು ಒಬ್ಬ ಮನುಷ್ಯ ಕೊರಗುತ್ತಿರುವುದು, ಅವನ ಕೊರಗಿನಿಂದ ನಮ್ಮ ಮನೆ ಬಾಗಿಲಿಲ್ಲದೆ ಬಿದ್ದಿರುವುದು, ಎರಡೂ ನನಗೆ ಹುಚ್ಚಾಟವಾಗಿ ಕಂಡವು. ಆಗಲೇ ಒಂದು ಉಪಾಯ ಹೊಳೆಯಿತು. ತಾತನ ಕಣ್ಣಿಗೆ ಪೊರೆ ಬಂದಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಅರಮನೆಯ ಯಾವುದಾದರೂ ದೊಡ್ಡ ಬಾಗಿಲು ತೋರಿಸಿ, ಇದೇ ನಿನ್ನ ಮರ ಎಂದುಬಿಟ್ಟರಾಯಿತು. ಊರಿಗೆ ಬಂದು ಹಲಸಿಗೆ ಮಾತು ಕೊಡುತ್ತಾನೆ, ನಮಗೆ ಬಾಗಿಲಾಗುತ್ತದೆ. ನಮ್ಮ ಹೆಡ್‌ಮಾಸ್ಟರು ಕೆ.ಆರ್. ನಗರದವರು, ಅವರಿಗೆ ಅರಮನೆಯ ಕಚೇರಿಯಲ್ಲಿ ಗೊತ್ತಿದ್ದವರೊಬ್ಬರಿದ್ದರು. ಒಳಗೆ ನೋಡಲು ಅಪ್ಪಣೆಯ ಚೀಟಿ ಸಿಕ್ಕಿತು.

ಹೊರಟ ದಿನ ತಾತ ಒಗೆದ ರುಮಾಲು ಸುತ್ತಿ, ಮದುವೆಮನೆಗೆ ಹಾಕುವ ಕರಿ ಕೋಟು ತೊಟ್ಟು, ಅದರ ಜೇಬಿಗೆ ಎರಡು ನಿಂಬೆಹಣ್ಣು ಇಟ್ಟುಕೊಂಡ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಟ್ರೈನಿಂಗಿಗೆಂದು ಮೈಸೂರಿನಲ್ಲಿದ್ದಾಗ ದಸರೆಯ ದೀಪದಲ್ಲಿ ಅರಮನೆಯನ್ನು ಕೋಟೆಯ ಹೊರಗಿನಿಂದ ನೋಡಿದ್ದೆ. ಅದನ್ನೇ ದೊಡ್ಡದಾಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಹಗಲು ಬೆಳಕಿನಲ್ಲಿ, ಕೋಟೆಯ ಒಳಗೆ, ಅದರ ಪಾದದ ಹತ್ತಿರ ನಿಂತಾಗ ನಾನು ಏನೂ ನೋಡಿರಲಿಲ್ಲವೆಂದು ತಿಳಿಯಿತು. ಬೂದುಬಣ್ಣದ ಕಲ್ಲು ಮೂರು ಅಂತಸ್ತು ಎದ್ದು, ಅದರ ಮೇಲೆ ಕೆಂಪು ಗುಮ್ಮಟಗಳು, ಎಲ್ಲದರ ನೆತ್ತಿಯ ಮೇಲೆ ಗೋಪುರ, ಗೋಪುರದ ತುದಿಯಲ್ಲಿ ಬಿಸಿಲಿಗೆ ಹೊತ್ತಿಕೊಂಡ ಚಿನ್ನದ ಬಣ್ಣ. ಕಮಾನಿನ ಪಕ್ಕ ಕಮಾನು, ಅದರ ಪಕ್ಕ ಇನ್ನೊಂದು. ಎಣಿಸಲು ಹೋದವಳು ಎರಡು ಸಲ ತಪ್ಪಿ ಬಿಟ್ಟುಬಿಟ್ಟೆ. ಮನುಷ್ಯರು ಕಟ್ಟಿದ್ದು ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು. ತಾತ ಚಪ್ಪಲಿ ಬಿಟ್ಟು, ಬರಿಗಾಲನ್ನು ಕಾದ ಕಲ್ಲಿನ ಮೇಲೆ ಇಟ್ಟು, "ಏಟೊಂದ್ ಕೈ ಸವ್ದವೋ" ಎಂದ. ಅವನ ಕಣ್ಣಿಗೆ ಕಂಡದ್ದು ಮಸುಕು ಮಸುಕು. ಆದರೂ ನನಗಿಂತ ಮೊದಲು ಅದನ್ನು ಕಟ್ಟಿದವರ ನೆನಪಾದದ್ದು ಅವನಿಗೆ.

ಒಳಬಾಗಿಲಲ್ಲಿ ಜರಿ ಪೇಟದ, ಬಿಳಿ ಮೀಸೆಯ, ಎತ್ತರದ ಆಳೊಬ್ಬರು ನಿಂತಿದ್ದರು. ನಾನು ಚೀಟಿ ತೆಗೆಯುವಷ್ಟರಲ್ಲಿ ತಾತ ನೆಲಮುಟ್ಟಿ ಕೈಮುಗಿದು ಒಂದು ನಿಂಬೆಹಣ್ಣನ್ನು ಅವರ ಕೈಗೆ ಒಪ್ಪಿಸಿಬಿಟ್ಟಿದ್ದ. ನನಗೆ ನಾಚಿಕೆಯಿಂದ ಮುಖ ಕೆಂಪಾಯಿತು.

"ಅಜ್ಜ, ನಾನು ಬಾಗಿಲು ಕಾಯೋನು ಕಣಪ್ಪ" ಎಂದರು ಅವರು, ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು.

"ಬಾಗ್ಲು ಕಾಯೋರಾ. ಅಂಗಾದ್ರೆ ನಿಮ್ಮನ್ನೇ ಕೇಳ್ಬೇಕು ಬುದ್ಧಿ. ಇಲ್ಲಿ ತೇಗುದ್ ಬಾಗ್ಲು ಯಾವ್ ಕಡೆ ಅವೆ?"

ತಾತ ಅಲ್ಲೇ ನಿಂತು ತನ್ನ ಕಥೆಯನ್ನೆಲ್ಲ ಹೇಳಿದ. ಕಾವಲಿನವರು ನಗಲಿಲ್ಲ. ಇನ್ನೊಬ್ಬನನ್ನು ಬಾಗಿಲಿಗೆ ನಿಲ್ಲಿಸಿ ತಾವೇ ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಹೋಗುತ್ತಾ ಹೇಳಿದ ಮೊದಲ ಮಾತಿಗೇ ತಾತನ ಮುಖ ಸಪ್ಪಗಾಯಿತು.

"ಹಳೇ ಅರಮನೆ ಮರದ್ದಾಗಿತ್ತು ಅಂತಲೇ ಸುಟ್ಟುಹೋಯ್ತು ಅಜ್ಜ. ಅದಕ್ಕೇ ಹೊಸದನ್ನ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿದ್ರು."

"ಮರ್ವೇ ಇಲ್ವಾ ಬುದ್ಧಿ?"

"ಇದೆ, ಬಾ. ಬಾಗಿಲಿಗೆ, ಚಾವಣಿಗೆ ಹಾಕಿದಾರೆ. ತೋರಿಸ್ತೀನಿ."

ಅವರು ಮೊದಲು ಕರೆದುಕೊಂಡು ಹೋದದ್ದು ಮದುವೆಗಳು ನಡೆಯುವ ಕಲ್ಯಾಣಮಂಟಪಕ್ಕೆ. ಎಂಟು ಮೂಲೆಯ ಅಂಕಣ, ಸುತ್ತ ತೆಳ್ಳಗೆ ಎತ್ತರಕ್ಕೆ ಎದ್ದ ಕಂಬಗಳು, ಮೇಲೆ ಬಣ್ಣದ ಗಾಜಿನ ಚಾವಣಿ. ಗಾಜಿನಲ್ಲಿ ನವಿಲುಗಳು. ಬಿಸಿಲು ಆ ನವಿಲುಗಳನ್ನು ಹಾಯ್ದು ಕೆಳಗಿಳಿದು ಬರುತ್ತಿತ್ತು. ನಾನು ತಲೆಯೆತ್ತಿದವಳು ಇಳಿಸುವುದನ್ನೇ ಮರೆತೆ. ಕತ್ತು ನೋವು ಬಂದ ಮೇಲೆ ನೋಡುತ್ತೇನೆ, ತಾತನ ಬಿಳಿ ರುಮಾಲಿನ ಮೇಲೆ ನೀಲಿ, ಹಸಿರು ಬಿದ್ದಿದೆ. ಕೋಟಿನ ಭುಜದ ಮೇಲೆ ಹಳದಿ. ಹೊಲದಲ್ಲಿ ರಾಗಿ ಕಳೆ ಕೀಳುವ ನನ್ನ ತಾತ ಆ ಬಣ್ಣದಲ್ಲಿ ನಿಂತು ಅಂಗೈ ಚಾಚಿ, ಅದರ ಮೇಲೆ ಬಿದ್ದ ಬೆಳಕನ್ನು ನೋಡಿಕೊಳ್ಳುತ್ತಿದ್ದ. ಕಂಬಗಳು ಕಬ್ಬಿಣದವು, ಬಿಳಿಯರ ಸೀಮೆಯಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದು ಜೋಡಿಸಿದ್ದು ಎಂದರು ಕಾವಲಿನವರು. ತಾತ ಒಂದು ಕಂಬಕ್ಕೆ ಬೆರಳು ತಾಗಿಸಿ, "ಇದ್ಕೂ ಯಾರಾದ್ರೂ ಯೇಳಿದ್ರೋ ಇಲ್ವೋ, ಇಂತಾ ಕಡೆ ಓಯ್ತೀಯ ಅಂತ" ಎಂದ.

ಗೋಡೆಯ ಸುತ್ತ ದಸರಾ ಮೆರವಣಿಗೆಯ ಚಿತ್ರಗಳಿದ್ದವು. ಕುದುರೆ, ಕಾಲಾಳು, ಆನೆ, ಜನ, ಒಬ್ಬೊಬ್ಬರ ಮುಖವೂ ಬೇರೆ ಬೇರೆ. ತಾತ ಮೂಗು ತಾಗುವಷ್ಟು ಹತ್ತಿರ ಹೋಗಿ ಆನೆಗಳನ್ನು ಮಾತ್ರ ನೋಡಿದ. "ಇವು ನಮ್ ಕಾಡೋವೇ" ಎಂದು ನನ್ನ ಕಡೆ ತಿರುಗಿ ಹೇಳಿದ. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತ್ತು. ಅಷ್ಟಾದರೂ ನಿಜವಾಗಿತ್ತಲ್ಲ, ಕಾಕನಕೋಟೆಯಿಂದ ಅರಮನೆಗೆ ಯಾರೋ ಬಂದಿದ್ದರು.

ಅಲ್ಲಿಂದ ಮಹಡಿ ಹತ್ತಿ ದರ್ಬಾರು ಸಭಾಂಗಣ. ಇದನ್ನು ಹೇಗೆ ಹೇಳಲಿ. ಒಂದು ಕಡೆ ಪೂರ್ತಿ ತೆರೆದುಕೊಂಡ ಅಷ್ಟುದ್ದದ ಜಾಗ, ಸಾಲು ಸಾಲು ಕಂಬ, ಕಂಬಕ್ಕೂ ಕಮಾನಿಗೂ ಬಿಡದೆ ಬಳ್ಳಿ ಹೂವಿನ ಬಣ್ಣ, ತಲೆಯ ಮೇಲೆ ದೇವರ ಚಿತ್ರಗಳು. ಹೊರಗೆ ನೋಡಿದರೆ ಮೈದಾನ, ಮೈದಾನದಾಚೆ ಪಟ್ಟಣ, ಅದರಾಚೆ ಬೆಟ್ಟ. ದಸರೆಯ ಸಿಂಹಾಸನ ಇಡುವ ಜಾಗ ಇದು ಎಂದು ಕಾವಲಿನವರು ದನಿ ತಗ್ಗಿಸಿ ಹೇಳಿದರು. ಜನ ಯಾರೂ ಇರಲಿಲ್ಲ, ಪಾರಿವಾಳಗಳಿದ್ದವು. ಆದರೂ ನಾನು ಸೆರಗು ಹೊದ್ದುಕೊಂಡೆ. ರಾಜರ ಆಳ್ವಿಕೆ ಮುಗಿಯಿತು, ಈಗ ಪ್ರಜೆಗಳದೇ ರಾಜ್ಯ ಎಂದು ವಾರದ ಹಿಂದೆಯಷ್ಟೇ ಮಕ್ಕಳಿಗೆ ಪಾಠ ಮಾಡಿದವಳು ನಾನು. ಆ ಪಾಠ ಸುಳ್ಳಲ್ಲ. ಆದರೂ ಅಲ್ಲಿ ನಿಂತಾಗ ಸೆರಗು ಹೊದ್ದದ್ದೂ ಸುಳ್ಳಲ್ಲ.

ಕೊನೆಗೆ ಅಂಬಾವಿಲಾಸಕ್ಕೆ ಬಂದೆವು, ದೊರೆಗಳು ಆಪ್ತರನ್ನು ಕಾಣುವ ಒಳದರ್ಬಾರಿಗೆ. ಚಿನ್ನದ ಬಣ್ಣದ ಕಂಬಗಳು, ನೆಲದ ಹಾಲುಗಲ್ಲಿನಲ್ಲಿ ಬಣ್ಣದ ಕಲ್ಲು ಕೂರಿಸಿ ಮಾಡಿದ ಹೂಗಳು. ಅಂಥ ಹೂವಿನ ಮೇಲೆ ಕಾಲಿಡಲು ಮನಸ್ಸಾಗದೆ ನಾನು ಬಳಸಿ ನಡೆದೆ. ಬಾಗಿಲು ಇದ್ದದ್ದು ಅಲ್ಲಿ. ಕರಿಗೆಂಪು ಮರ, ಅದರ ತುಂಬ ದಂತದ ಕೆತ್ತನೆ. ನನ್ನ ಉಪಾಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೇ? ಕಾವಲಿನವರು ಮುಂದೆ ಹೋದದ್ದು ನೋಡಿ ತಾತನ ತೋಳು ಹಿಡಿದೆ.

"ತಾತ, ಸಿಕ್ತು. ನೋಡಿಲ್ಲಿ, ಅಲೆ ಅಲೆ ಇದೆ. ಇದೇ ನಿನ್ನ ಮರ."

ತಾತ ಬಗ್ಗಿದ. ಮುಟ್ಟಲಿಲ್ಲ, ಮೂಗು ಹತ್ತಿರ ತಂದು ಒಂದು ಸಲ ಉಸಿರೆಳೆದುಕೊಂಡ. ಆಮೇಲೆ ನಿಧಾನವಾಗಿ ನೆಟ್ಟಗಾದ.

"ಇದು ಬೀಟೆ ಕಣವ್ವ."

ತೇಗ ಯಾವುದು, ಬೀಟೆ ಯಾವುದು ಎಂಬುದೂ ಗೊತ್ತಿಲ್ಲದವಳು ಮರ ಕಡಿದ ಮನುಷ್ಯನಿಗೆ ಮೋಸ ಮಾಡಲು ಹೊರಟಿದ್ದೆ. ನಾಲಗೆ ಕಚ್ಚಿಕೊಂಡೆ. ತಾತ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

"ಒಂದ್ ಸುಳ್ಳ ಒತ್ಕಂಡು ಇಲ್ಲೀಗಂಟ ಬಂದಿವ್ನಿ. ನೀನೊಂದ ಏರುಸ್ಬ್ಯಾಡ ಮಗ. ನಿನ್ ಕಣ್ಣು ಚೆಂದಾಗದೆ ಅಂತ ಕರ್ಕೊಂಡ್ ಬಂದೆ. ಇದ್ರೆ ಅದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು" ಎಂದ.

ನಾನು ಕರೆದುಕೊಂಡು ಬಂದೆ ಅಂದುಕೊಂಡಿದ್ದೆ. ಅವನು ನನ್ನ ಕಣ್ಣನ್ನು ನಂಬಿ ಬಂದಿದ್ದ. ಆಮೇಲೆ ನಿಜವಾಗಿ ಹುಡುಕಿದೆ. ಚಾವಣಿಯ ಕೆತ್ತನೆಯಲ್ಲಿ ತೇಗವಿದೆ ಎಂದರು, ಒಂದೊಂದು ಚೌಕವನ್ನೂ ನೋಡಿದೆ. ಸಿಕ್ಕ ಬಾಗಿಲು, ಚೌಕಟ್ಟು, ಮೆಟ್ಟಿಲ ಕೈಹಿಡಿ ಒಂದನ್ನೂ ಬಿಡಲಿಲ್ಲ. ಬಳ್ಳಿ, ತಾವರೆ, ಎಲೆ, ಹೂವು. ಕೂದಲೆಳೆಯಷ್ಟೂ ವಾರೆಯಿಲ್ಲದ ಗೆರೆಗಳು. ಎಲ್ಲೂ ಅಲೆಯಿಲ್ಲ.

"ಇಲ್ಲ ತಾತ" ಎಂದೆ. ಅಷ್ಟು ಹೇಳುವಾಗ ಅಳು ಬಂತು.

ಕಾವಲಿನವರು ಸಮಾಧಾನ ಹೇಳಲು ಹೋಗಿ ಇನ್ನೂ ಕೆಡಿಸಿದರು. "ಊನ ಇರೋ ಮರಾನ ದೊರೆಗಳ ಕಣ್ಮುಂದೆ ಯಾರು ಹಾಕ್ತಾರೆ ಅಜ್ಜ? ಒಂದು ಗಂಟು ಕಂಡ್ರೂ ಬಡಗಿಗಳು ಎತ್ತಿ ಪಕ್ಕಕ್ಕಿಡೋರಂತೆ."

ತಾತ ತಲೆಯಾಡಿಸಿದ. ಅವನ ಮರದ ಗುರುತೇ ಅದರ ಊನ. ಗುರುತು ಇದ್ದರೆ ಇಲ್ಲಿಗೆ ಬರುವಂತಿಲ್ಲ, ಇಲ್ಲಿಗೆ ಬಂದಿದ್ದರೆ ಗುರುತು ಹತ್ತುವಂತಿಲ್ಲ. ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲವೋ. ಕಾವಲಿನವರಿಗೆ ಕೈಮುಗಿದು, ಮೆಟ್ಟಿಲ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದ.

ಹೊರಗೆ ತೋಟ. ಇನ್ನೊಂದು ದಿನವಾಗಿದ್ದರೆ ಅದನ್ನು ನೋಡಿ ಕುಣಿದಾಡುತ್ತಿದ್ದೆ. ದಾರ ಹಿಡಿದು ಬಿಡಿಸಿದಂಥ ಪಾತಿಗಳು, ಕತ್ತರಿಸಿ ಮಟ್ಟಸ ಮಾಡಿದ ಹುಲ್ಲು, ತಟ್ಟೆಯಗಲದ ಡೇರೆ ಹೂಗಳು, ಬಣ್ಣಕ್ಕೊಂದು ಸಾಲಾಗಿ ಗುಲಾಬಿ. ಅಷ್ಟು ದೊಡ್ಡ ಕಲ್ಲಿನ ಮನೆ ಆ ಹಸಿರಿನ ನಡುವೆ ತಣ್ಣಗೆ ಕೂತಿತ್ತು. ತಾತ ನೆರಳು ನೋಡಿ ಒಂದು ಮರದ ಬುಡದಲ್ಲಿ ಕುಸಿದು ಕೂತು, ನೀರು ಕೇಳಿದ. ಪಾತಿ ಕೆದಕುತ್ತಿದ್ದ ವಯಸ್ಸಾದ ಮಾಲಿಯೊಬ್ಬರು ನಮ್ಮ ಮಾತಿನ ಧಾಟಿ ಕೇಳಿ ತಲೆಯೆತ್ತಿದರು. ಅವರದು ಬೆಟ್ಟದಪುರದ ಕಡೆಯಂತೆ.

"ಯಾವ್ ಕಡೆಯೋರವ್ವ ನೀವು? ಹಂಪಾಪುರ್ವಾ? ಇರಿ, ಚೊಂಬು ತತ್ತೀನಿ" ಎಂದು ಕೈಗುದ್ದಲಿ ಕೆಳಗಿಟ್ಟು, ಹೂಕುಂಡಗಳ ಸಾಲಿನ ಹಿಂದೆ ಇದ್ದ ಸಣ್ಣ ಕೋಣೆಗೆ ಹೋದರು. ಗುದ್ದಲಿ, ಮಂಕರಿ ಇಡುವ ಕೋಣೆ. ನಾನು ನೀರು ಇಸಿದುಕೊಳ್ಳಲು ಹಿಂದೆಯೇ ಹೋದೆ. ಅವರು ಬಾಗಿಲು ಎಳೆದರು. ಬಿಸಿಲು ಅದರ ಮೇಲೆ ಓರೆಯಾಗಿ ಬಿತ್ತು.

ಬಣ್ಣವಿಲ್ಲ, ಹೊಳಪಿಲ್ಲ. ಮಳೆ ಬಿಸಿಲಿಗೆ ಬೂದಿಯಾದ ದಪ್ಪ ಹಲಗೆಗಳು. ನಡುವಿನ ಹಲಗೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಗೆರೆಗಳೆಲ್ಲ ಒಮ್ಮೆಲೇ ಬಾಗಿ, ಒಂದರ ಹಿಂದೆ ಒಂದು ಅಲೆಯಾಗಿ ಸುತ್ತಿದ್ದವು. ಸುತ್ತಿನ ನಡುವೆ ಬೆರಳು ಹೋಗುವಷ್ಟು ತೂತು, ತೂತಿನ ಸುತ್ತ ಕಬ್ಬಿಣದ ಕರಿ ಕಲೆ.

ಓಡಿ ಬಂದೆ. ಅರ್ಧ ಗಂಟೆಯ ಹಿಂದೆ ಬೀಟೆಯ ಬಾಗಿಲು ತೋರಿಸಿ ಇದೇ ಇದೇ ಎಂದವಳ ಮಾತನ್ನು ಈಗ ಯಾರು ನಂಬಬೇಕು? ತಾತನನ್ನು ಎಬ್ಬಿಸಿ, ಏನೂ ಹೇಳದೆ ಅಲ್ಲಿಗೆ ನಡೆಸಿಕೊಂಡು ಹೋಗಿ, ಅವನ ಬಲಗೈಯನ್ನು ಹಲಗೆಯ ಮೇಲೆ ಇಟ್ಟೆ.

ಅಂಗೈ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಸರಿಯಿತು. ಅಲೆಯ ಮೇಲೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಹೆಬ್ಬೆರಳು ತೂತನ್ನು ಹುಡುಕಿ ಒಳಗಿಳಿಯಿತು. ತಾತ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಾನು ಮುಖ ನೋಡಿದೆ. ಕಣ್ಣು ಮುಚ್ಚಿದ್ದ, ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು.

"ಏನಾಯ್ತಜ್ಜ?" ಎಂದರು ಮಾಲಿ ಗಾಬರಿಯಿಂದ.

"ಈ ಬಾಗ್ಲು ಎಲ್ಲಿದು ಅಣ್ಣ?"

"ಇದಾ? ಅರಮನೆ ಕಟ್ಟುವಾಗ ಬಡಗಿಗಳು ಬ್ಯಾಡ ಅಂತ ಎತ್ತಿಟ್ಟಿದ್ ಹಲಗೇಲಿ ಮಾಡಿದ್ದಂತೆ. ನಮ್ಮಪ್ಪನೂ ಇಲ್ಲೇ ಮಾಲಿ, ಅವ್ರು ಯೇಳೋರು. ಏಟ್ ಮಳೆ ಒಡೆದ್ರೂ ಜಪ್ಪಯ್ಯ ಅಂದಿಲ್ಲ. ದೊರೆಗಳ ಬಾಗ್ಲ ಯಾವಾಗ್ ತೆಗೀತಾರೋ ನಂಗೊತ್ತಿಲ್ಲ, ಇದ ಮಾತ್ರ ದಿನಾ ಒತ್ತುಟ್ಟೋಕ್ ಮುಂಚೆ ತೆಗೀತೀನಿ. ಇದ ತೆಗೀದೆ ಈ ತೋಟುಕ್ಕೆ ಬೆಳಗಾಗಲ್ಲ ಕಣಜ್ಜ."

ತಾತ ಚೊಂಬಿನ ನೀರನ್ನು ಕುಡಿಯಲಿಲ್ಲ. ಬೊಗಸೆಗೆ ಹೊಯ್ಯಿಸಿಕೊಂಡು ಬಾಗಿಲ ಬುಡಕ್ಕೆ ಬಿಟ್ಟ. ಒದ್ದೆ ಅಂಗೈಯನ್ನು ಅಲೆಯ ಮೇಲೆ ಒತ್ತಿದ. ಬೂದಿ ಬಣ್ಣದ ಮರ ಒದ್ದೆಯಾದ ಕಡೆ ಜೇನಿನ ಬಣ್ಣಕ್ಕೆ ತಿರುಗಿತು.

"ಅರಮನೇಲೇ ಇದೀಯ ಕಣವ್ವ" ಎಂದ, ಮರಕ್ಕೆ. "ನಾ ಸುಳ್ಳೇಳ್ನಿಲ್ಲ."

ಜೇಬಿನಲ್ಲಿ ಉಳಿದಿದ್ದ ಇನ್ನೊಂದು ನಿಂಬೆಹಣ್ಣನ್ನು ಹೊಸ್ತಿಲ ಮೇಲೆ ಇಟ್ಟ.

ಅದು ಅದೇ ಮರವೇ ಎಂದು ಆಣೆಯಿಟ್ಟು ಹೇಳು ಎಂದರೆ ಇವತ್ತಿಗೂ ಹೇಳಲಾರೆ. ಖೆಡ್ಡಾದಲ್ಲಿ ಸರಪಳಿ ಬಿಗಿಸಿಕೊಂಡ ಮರ ಅದೊಂದೇ ಇರಲಾರದು. ಆದರೆ ತಾತನ ಹೆಬ್ಬೆರಳು ಆ ತೂತನ್ನು ಹುಡುಕಿ ಹೋದದ್ದನ್ನು ನಾನು ನೋಡಿದ್ದೇನೆ. ಚಿನ್ನದ ಗೋಪುರ, ಗಾಜಿನ ನವಿಲು, ಬೆಟ್ಟ ಕಾಣುವ ದರ್ಬಾರು, ಎಲ್ಲಕ್ಕೂ ಬೆರಗಾಗಿದ್ದೆ. ಅದೆಲ್ಲ ನನ್ನನ್ನು ಸಣ್ಣವಳನ್ನಾಗಿ ಮಾಡಿತ್ತು. ಗುದ್ದಲಿ ಇಡುವ ಕೋಣೆಯ ಮುಂದೆ ನಿಂತಾಗಲೂ ಅದೇ ಬೆರಗು, ಆದರೆ ಅಲ್ಲಿ ನಾನು ಸಣ್ಣವಳಾಗಲಿಲ್ಲ. ಆ ದೊಡ್ಡ ಕಟ್ಟಡದ ಮೈಯಲ್ಲಿ ನಮ್ಮದೂ ಒಂದು ಹಲಗೆ ಇದೆ ಎನ್ನಿಸಿತು.

ಊರಿಗೆ ಬಂದು ಎರಡನೆಯ ದಿನ ಬೆಳಗ್ಗೆ ತಾತ ತಾನಾಗಿ ಎದ್ದು ಹಿತ್ತಲಿಗೆ ಹೋದ. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟ. ತಾತ ಹಲಸಿನ ಬುಡಕ್ಕೆ ನೀರು ಹೊಯ್ದು, ತೊಗಟೆಯ ಮೇಲೆ ಕೈಯಿಟ್ಟ.

"ಮುಂದ್ಲ ಬಾಗ್ಲಾಯ್ತೀಯೋ, ಕೊಟ್ಟಿಗೆ ಬಾಗ್ಲಾಯ್ತೀಯೋ, ಅದ ನಾ ಯೇಳಕಾಗಲ್ಲ ಕಣವ್ವ. ನಮ್ ಮನೆಗೆ ಕರ್ಕೊಂಡೋಯ್ತೀವಿ. ಆಟ್ ಮಾತ್ರ ನಿಜ."

ಗರಗಸದವರು ಬಂದರು, ಬಡಗಿ ಬಂದ. ಕೊಯ್ದ ಹಲಗೆಗಳಲ್ಲಿ ಒಂದಕ್ಕೆ ಮುಷ್ಟಿಗಾತ್ರದ ಗಂಟಿತ್ತು. ಬಡಗಿ ಅದನ್ನು ಎತ್ತಿ ಪಕ್ಕಕ್ಕಿಟ್ಟು, ದನದ ಕೊಟ್ಟಿಗೆಗೆ ಆಗುತ್ತದೆ ಎಂದ. ತಾತ ಅಡ್ಡ ಬರಲಿಲ್ಲ, ಅವನು ಕೊಟ್ಟ ಮಾತಿನಲ್ಲಿ ಕೊಟ್ಟಿಗೆಯೂ ಸೇರಿತ್ತು. ನನಗೆ ತಡೆಯಲಾಗಲಿಲ್ಲ. ಹಲಗೆಯನ್ನು ನಾನೇ ಎಳೆದುಕೊಂಡು ಬಂದು, "ಇದು ಮುಂಬಾಗಿಲಿಗೇ ಆಗಬೇಕು" ಎಂದೆ. ಮೇಷ್ಟ್ರಮ್ಮನ ದನಿಗೆ ಹೆದರಿ ಬಡಗಿ ಹಾಗೇ ಮಾಡಿದ.

ಬಾಗಿಲು ಕೂರಿಸಿದ ಸಂಜೆ ನೆರೆಮನೆಯಾಕೆ ಬಂದು ಅಭ್ಯಾಸಬಲದಿಂದ, "ಬಾಗ್ಲು ತೆಗೀರವ್ವೋ" ಎಂದು ಕೂಗಿದಳು. ಕೂಗಿದ ಮೇಲೆ ಬಾಗಿಲು ನಿಜವಾಗಿಯೂ ಹಾಕಿರುವುದು ಕಂಡಿತೇನೋ, ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು, ನಾನೂ ಎದ್ದೆ. ತಾತ ಕೈಯಾಡಿಸಿ ನಮ್ಮಿಬ್ಬರನ್ನೂ ಕೂರಿಸಿದ. ಕಂಬಳಿ ಪಕ್ಕಕ್ಕಿಟ್ಟು, ಗೋಡೆ ಹಿಡಿದು ನಡೆದುಹೋಗಿ, ಗಂಟಿನ ಮೇಲೆ ಅಂಗೈ ಇಟ್ಟು, ಬಾಗಿಲು ತೆಗೆದ.